ಒಣದ್ರಾಕ್ಷಿ ಕಿಲೋಕ್ಕೊಂದು ರೂಪಾಯಿ

ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಹಾಗೂ ವಿಜಯಪುರ ಸುತ್ತಲಿನ ಎಲ್ಲ ದ್ರಾಕ್ಷಿ ಬೆಳೆಗಾರ ಬಾಂಧವರಿಗೆ,



ಬಳ್ಳಿ ಸವರುವ ಅಕ್ಟೋಬರ್ ಚಾಟನಿ ಮುಗಿಸಿ, ಕಾಯಿ ನಿಲ್ಲಿಸಿಕೊಂಡು, ಇನ್ನು ಮೋಡ, ಮಂಜು ಯಾವುದೂ ಬಾರದಿರಲಪ್ಪಾ ಎಂದು ನೀವು ಮುಗಿಲು ನೋಡುತ್ತಿರುವ ಹೊತ್ತಿನಲ್ಲಿ ಈ ಪತ್ರ ಬರೆಯುತ್ತಿದ್ದೇನೆ. ಸುಗ್ಗಿ ಶುರುವಾಯಿತೆಂದರೆ ನಿಮಗೆ ಓದಲು ಪುರಸೊತ್ತಿಲ್ಲ. ಲೆಕ್ಕ ಚುಕ್ತಾ ಆದ ಮೇಲೆ ಹೇಳಿದರೆ ಉಪಯೋಗವಿಲ್ಲ. ವಿಷಯ ನಿಮ್ಮ ಬೆಳೆಯದಲ್ಲ, ಬೆಳೆಗೆ ಕೈ ಹಚ್ಚುವವರದು. ನಿಮ್ಮ ತೋಟದಲ್ಲಿ ಚಾಟನಿ ಮಾಡುವ, ಚಿಗುರು ತೆಗೆಯುವ, ಗೊನೆ ಅದ್ದುವ, ಹಣ್ಣು ಕತ್ತರಿಸುವ, ಶೆಡ್ಡಿನಲ್ಲಿ ಹರವುವ ಹೆಣ್ಣುಮಕ್ಕಳು, ಗಂಡಾಳುಗಳು ಮುಪ್ಪಾದ ಮೇಲೆ ಏನು ಉಣ್ಣಬೇಕು ಎಂಬುದು.

ನಾನು ಈ ಭಾಗದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ನಿಮ್ಮಲ್ಲಿ ಕೆಲವರಿಗೆ ಚಕ್ರಬಡ್ಡಿ ಕಲಿಸಿದ್ದೇನೆ, ಕೆಲವರ ಕಿವಿಯನ್ನೂ ಹಿಂಡಿದ್ದೇನೆ. ಆ ಸಲುಗೆಯಿಂದಲೇ ನಾಲ್ಕು ಮಾತು ನೇರವಾಗಿ ಆಡುತ್ತೇನೆ, ಬೇಸರ ಮಾಡಿಕೊಳ್ಳಬಾರದು.

ಮೊದಲು ನನ್ನ ಲೆಕ್ಕವನ್ನೇ ಒಪ್ಪಿಸಿಬಿಡುತ್ತೇನೆ. 2006ರ ಏಪ್ರಿಲ್ 1ಕ್ಕಿಂತ ಮೊದಲು ರಾಜ್ಯ ಸರ್ಕಾರದ ನೌಕರಿಗೆ ಸೇರಿದವನಾದ್ದರಿಂದ ನನಗೆ ಹಳೆಯ ಪಿಂಚಣಿ ಇದೆ. ತುಟ್ಟಿಭತ್ಯೆ ಏರಿದಾಗ ಅದೂ ಏರುತ್ತದೆ. 2024ರ ಆಗಸ್ಟ್‌ನಲ್ಲಿ ಏಳನೇ ವೇತನ ಆಯೋಗ ಜಾರಿಯಾದಾಗ, ನಾನು ಮನೆಯಲ್ಲಿ ಪೇಪರ್ ಓದುತ್ತ ಕೂತಿದ್ದರೂ ನನ್ನ ಪಿಂಚಣಿ ಹೆಚ್ಚಾಯಿತು. ನಮ್ಮ ಗಲ್ಲಿಯಲ್ಲೇ ಇರುವ ತರುಣ ಶಿಕ್ಷಕನಿಗೆ ಈ ಭಾಗ್ಯವಿಲ್ಲ. ಅವನದು ಎನ್‌ಪಿಎಸ್. ಪ್ರತಿ ತಿಂಗಳು ಪಗಾರದ ನೂರಕ್ಕೆ ಹತ್ತು ಹಿಡಿಯುತ್ತಾರೆ, ಸರ್ಕಾರ ತನ್ನ ಪಾಲು ಸೇರಿಸುತ್ತದೆ, ಆ ದುಡ್ಡು ಪೇಟೆಯಲ್ಲಿ ಬೆಳೆದಷ್ಟು ಅವನಿಗೆ. ಹಳೆಯ ಪಿಂಚಣಿ ಮರಳಿ ಕೊಡಿ ಎಂದು ಅವನೂ ಅವನ ಸಂಘದವರೂ ಹೋರಾಡುತ್ತಿದ್ದಾರೆ, ಅದು ಅವರ ಹಕ್ಕು. ಅದೇ ಗಲ್ಲಿಯಲ್ಲಿ ಖಾಸಗಿ ಕಂಪನಿಯೊಂದರಲ್ಲಿ ಬೆನ್ನು ಬಾಗುವ ತನಕ ದುಡಿದ ಹಿರಿಯರೊಬ್ಬರಿದ್ದಾರೆ. ಅವರದು 1995ರ ನೌಕರರ ಪಿಂಚಣಿ ಯೋಜನೆ. ಅದರ ಕನಿಷ್ಠ ಪಿಂಚಣಿ 2014ರ ಸೆಪ್ಟೆಂಬರ್‌ನಲ್ಲಿ 1,000 ರೂಪಾಯಿ ಎಂದು ನಿಗದಿಯಾದದ್ದು ಅಲ್ಲಿಂದ ಅಲುಗಾಡಿಲ್ಲ. ಇವರೆಲ್ಲರ ಮನೆ ದಾಟಿ ಗಲ್ಲಿಯ ಕೊನೆಗೆ ಬಂದರೆ, ತಿಕೋಟಾ ಕಡೆಯ ತೋಟಗಳಿಗೆ ಟಂಟಂ ಹತ್ತಿ ಕೂಲಿಗೆ ಹೋಗಿ ಹೋಗಿ ಈಗ ಮೊಣಕಾಲು ಹಿಡಿದು ಕೂತ ಅಜ್ಜಿ. ಅವಳಿಗೆ ತಿಂಗಳಿಗೆ 1,200 ರೂಪಾಯಿ. ಅದೂ ಬಂದರೆ.

ಪಿಂಚಣಿಯ ಭವಿಷ್ಯ ಎಂದು ಪತ್ರಿಕೆಗಳಲ್ಲಿ ಚರ್ಚೆ ನಡೆದಾಗೆಲ್ಲ ಮಾತು ಮೊದಲ ಎರಡು ಮನೆಗಳಲ್ಲೇ ತಿರುಗುತ್ತದೆ. ನೌಕರರಿಗೆ ಸಂಘವಿದೆ, ಬಾಯಿ ಇದೆ. ಗಲ್ಲಿಯ ಕೊನೆಯ ಮನೆಯ ಪರವಾಗಿ ಕೇಳುವವರು ಯಾರು? ನೀವು ಎನ್ನುತ್ತೇನೆ ನಾನು. ಅವಳ ಕೈಯ ದುಡಿತ ನಿಮ್ಮಲ್ಲಿ ಸಂದಿದೆ.

ಈಗ ಒಂದು ಮನೆಯ ಕಥೆ ನೋಡಿ. ಗಂಡ ವಿಜಯಪುರದಲ್ಲಿ ಗೌಂಡಿ ಕೆಲಸಕ್ಕೆ ಹೋಗುತ್ತಾನೆ, ಹೆಂಡತಿ ದ್ರಾಕ್ಷಿ ತೋಟಕ್ಕೆ. ಇಂಥ ಮನೆ ನಿಮ್ಮ ಊರಲ್ಲೂ ಹತ್ತಾರಿವೆ. ಗಂಡ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಹಚ್ಚಿಸಿ, ಕಾರ್ಡು ನವೀಕರಿಸಿಕೊಂಡು ಬಂದಿದ್ದರೆ ಅರವತ್ತಾದ ಮೇಲೆ ಮಂಡಳಿಯಿಂದ ತಿಂಗಳಿಗೆ 3,000 ರೂಪಾಯಿ ಪಿಂಚಣಿಗೆ ಅರ್ಜಿ ಹಾಕಬಹುದು. ಹೆಂಡತಿಗೆ ಅರವತ್ತೈದು ದಾಟಿದ ಮೇಲೆ ರಾಜ್ಯ ಸರ್ಕಾರದ ಸಂಧ್ಯಾ ಸುರಕ್ಷಾ ಪಿಂಚಣಿಯ 1,200. ಇಬ್ಬರೂ ಬಿಸಿಲಲ್ಲೇ ದುಡಿದವರು. ಹೆಂಡತಿ ಬೆಳಗಿನ ರೊಟ್ಟಿ ಬಡಿದು ಹೋದವಳು, ಒಂದು ಕೈ ಹೆಚ್ಚೇ ದುಡಿದವಳು. ಹಾಗಾದರೆ ಈ ಅಂತರ ಎಲ್ಲಿಂದ ಬಂತು? ಗಂಡನಿಗೆ ಕೆಲಸ ಕೊಟ್ಟವರಿಂದ. 1996ರ ಕಾಯ್ದೆಗಳು ಬಂದಂದಿನಿಂದ, ಕಟ್ಟಡ ಕಟ್ಟಿಸುವವರು ವೆಚ್ಚದ ನೂರಕ್ಕೆ ಒಂದು ರೂಪಾಯಿ ಸೆಸ್ ತುಂಬಬೇಕು. ಗೌಂಡಿಯ ಮುಪ್ಪಿನ ಮೂರು ಸಾವಿರ ಆ ಒಂದು ರೂಪಾಯಿಯಿಂದ ಹುಟ್ಟಿದ್ದು. ದ್ರಾಕ್ಷಿ ತೋಟದ ಹೆಣ್ಣುಮಗಳ ಹೆಸರಿನಲ್ಲಿ ಯಾರೂ ಏನೂ ತುಂಬಿಲ್ಲ. ಹಾಗಾಗಿ ಅವಳಿಗೆ ಏನೂ ಹುಟ್ಟಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕೇ? ನಿಮ್ಮ ಒಣದ್ರಾಕ್ಷಿ ಬಾಕ್ಸುಗಳು ಸಾಂಗಲಿ, ತಾಸಗಾಂವ ಪೇಟೆಗೆ ಹೋಗುತ್ತವಲ್ಲ, ಮಹಾರಾಷ್ಟ್ರದಲ್ಲಿ ಹಮಾಲರಿಗೆಂದು 1969ರಿಂದ ಮಾಥಾಡಿ ಕಾಯ್ದೆ ಇದೆ. ಮಂಡಳಿಯಲ್ಲಿ ಹೆಸರಿರುವ ಹಮಾಲನಿಗೆ ಕೆಲಸ ಕೊಟ್ಟವರು ಕೂಲಿಯ ಜೊತೆಗೆ ಲೆವಿಯನ್ನೂ ಕಟ್ಟಬೇಕು. ಅದರಲ್ಲಿ ಅವನ ಭವಿಷ್ಯನಿಧಿ, ಗ್ರಾಚ್ಯುಟಿ ಎಲ್ಲ ಬರುತ್ತದೆ. ಅಂದರೆ ಬಾಕ್ಸು ಎತ್ತಿಳಿಸಿದವನಿಗೆ ಅಷ್ಟಿಷ್ಟು ಆಸರೆ ಇದೆ, ಬಾಕ್ಸಿನೊಳಗಿನ ಹಣ್ಣನ್ನು ಮೂರು ತಿಂಗಳು ಜೋಪಾನ ಮಾಡಿದವಳಿಗೆ ಇಲ್ಲ. ಬೆಂಗಳೂರಿನಲ್ಲಿ ಮನೆಮನೆಗೆ ಊಟ ಮುಟ್ಟಿಸುವ ಹುಡುಗರಿಗಾಗಿ ನಮ್ಮ ರಾಜ್ಯವೇ 2025ರಲ್ಲಿ ಕಾಯ್ದೆ ತಂದಿದೆ. ಅವರಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಕಂಪನಿಗಳು ನೂರಕ್ಕೆ ಒಂದರಿಂದ ಐದರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ದುಡಿಸಿಕೊಳ್ಳುವವರು ಪಾಲು ಕೊಡುವುದು ಹೊಸ ವಿಚಾರವೂ ಅಲ್ಲ. 1889ರಲ್ಲಿ ಜರ್ಮನಿ ಮುಪ್ಪಿನ ವಿಮೆಯ ಕಾಯ್ದೆ ಮಾಡಿದಾಗಲೇ ದುಡಿಯುವವನೂ ದುಡಿಸಿಕೊಳ್ಳುವವನೂ ಸಮಪಾಲು ಹಾಕಬೇಕು, ಸರ್ಕಾರ ತನ್ನದನ್ನು ಸೇರಿಸಬೇಕು ಎಂದಿತ್ತು. ಹೊಲದಲ್ಲಿ ದುಡಿಯುವವರೂ ಅದರೊಳಗಿದ್ದರು.

ಸರ್ಕಾರ ಕೊಡುತ್ತದಲ್ಲ, ನಮ್ಮನ್ನೇಕೆ ಕೇಳುತ್ತೀರಿ ಎಂದು ನೀವು ಅನ್ನಬಹುದು. ಸರ್ಕಾರ ಕೊಡುವುದನ್ನು ಬಿಡಿಸಿ ನೋಡೋಣ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ವೃದ್ಧಾಪ್ಯ ವೇತನ ಶುರು ಮಾಡಿದಾಗ ತಿಂಗಳಿಗೆ 75 ರೂಪಾಯಿ ಇತ್ತು. 2006–07ರಲ್ಲಿ ಅದು 200 ಆಯಿತು. ಇಂದೂ 200. ಎಂಬತ್ತು ದಾಟಿದವರಿಗೆ 500. ಈ ನಡುವೆ ನನ್ನ ಪಿಂಚಣಿ ಎಷ್ಟು ಸಲ ಏರಿತೆಂದು ಹೇಳಲು ನನಗೆ ಸಂಕೋಚವಾಗುತ್ತದೆ. ರಾಜ್ಯ ಸರ್ಕಾರ 2007ರಲ್ಲಿ ಸಂಧ್ಯಾ ಸುರಕ್ಷಾ ತಂದು ಕಾಲಕಾಲಕ್ಕೆ ಏರಿಸುತ್ತ ಬಂದು 1,200ಕ್ಕೆ ಮುಟ್ಟಿಸಿದೆ. ಅರವತ್ತರಿಂದ ಅರವತ್ನಾಲ್ಕರವರಿಗೆ ಸಿಗುವ ವೃದ್ಧಾಪ್ಯ ವೇತನ ಇದಕ್ಕೂ ಕಡಿಮೆ. ಕನಮಡಿ ದಾಟಿ ಜತ್ತ ತಾಲ್ಲೂಕಿಗೆ ಕಾಲಿಟ್ಟರೆ ಅಲ್ಲಿನ ಮುದುಕರಿಗೆ 1,500. ಆಂಧ್ರದಲ್ಲಿ 2024ರ ಜುಲೈನಿಂದ 4,000.

ನಮ್ಮ ರಾಜ್ಯದ ಪಿಂಚಣಿಯ ಷರತ್ತುಗಳನ್ನು ಕೇಳಿದರಂತೂ ನಗು ಬರುತ್ತದೆ. ವರ್ಷದ ಆದಾಯ 32,000 ರೂಪಾಯಿ ದಾಟಬಾರದು. 2025–26ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ಭಾಗಿಸಿ ನೋಡಿ, 87 ದಿನ ದುಡಿದರೆ ಮಿತಿ ದಾಟಿತು. ಅಂದರೆ ವರ್ಷದಲ್ಲಿ ಮೂರು ತಿಂಗಳು ಕೂಲಿ ಮಾಡಿದ ಮುದುಕಿ ಸರ್ಕಾರದ ಕಣ್ಣಲ್ಲಿ ಬಡವಳಲ್ಲ. ಹೀಗಾಗಿ ಎಲ್ಲರ ಆದಾಯ ಪ್ರಮಾಣಪತ್ರವೂ ಒಂದೇ ಅಳತೆಯ ಬಡತನ ಹೇಳುತ್ತದೆ. ಕೊಡುವವರಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು. ಸಂಧ್ಯಾ ಸುರಕ್ಷಾ ನಿಯಮಗಳಲ್ಲಿ ಇನ್ನೊಂದು ಮಾತಿತ್ತು: ಫಲಾನುಭವಿಯ ಠೇವಣಿ 10,000 ರೂಪಾಯಿ ಮೀರಿರಬಾರದು ಎಂದು. ಮುಪ್ಪಿಗೆ ಉಳಿಸಿಕೋ ಎಂದು ಒಂದು ಇಲಾಖೆ ಹೇಳುತ್ತದೆ, ಉಳಿಸಿಕೊಂಡರೆ ಮುಪ್ಪಿನ ಪಗಾರ ಇಲ್ಲ ಎಂದು ಇನ್ನೊಂದು ಇಲಾಖೆ ಹೇಳುತ್ತದೆ.

ಇಷ್ಟೆಲ್ಲ ದಾಟಿ ಮಂಜೂರಾದ ದುಡ್ಡು ಕೈಗೆ ಬರುವುದು ಹೆಬ್ಬೆಟ್ಟಿನಿಂದ. ಇದನ್ನು ಮಾತ್ರ ನೀವು ಗಮನವಿಟ್ಟು ಕೇಳಬೇಕು. ಒಂದು ಊರಿನ ಬ್ಯಾಂಕ್ ಮಿತ್ರನ ಅಂಗಡಿಯಲ್ಲಿ ಕೂತಿದ್ದೆ. ಒಬ್ಬ ಹೆಣ್ಣುಮಗಳು ಬಂದು ಆ ಪುಟ್ಟ ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟಳು. ಕೆಂಪು ದೀಪ. ಸೆರಗಿನಲ್ಲಿ ಒರೆಸಿಕೊಂಡು ಇಟ್ಟಳು. ಮತ್ತೆ ಕೆಂಪು. ಹುಡುಗ ಒಂದು ಹನಿ ಎಣ್ಣೆ ಹಚ್ಚಿ ತಿಕ್ಕಿಸಿದ. ಬಲಗೈಯ ಐದೂ ಬೆರಳು, ಎಡಗೈಯ ಐದೂ ಬೆರಳು ಆದವು. “ಯಮ್ಮಾ, ನಿನ್ನ ಬೆರಳಾಗ ಗೆರೀನ ಇಲ್ಲ” ಅಂದ. ಅವಳು ಸಿಟ್ಟಾಗಲಿಲ್ಲ. “ಗೆರಿ ಎಲ್ಲಿ ಉಳಿತಾವಪ್ಪ, ಶೆಡ್ನ್ಯಾಗ ಆ ಎಣ್ಣಿ ನೀರಾಗ ಕೈ ಇಟ್ಟು ಇಟ್ಟು ಹ್ವಾದು” ಎಂದಳು. ಹಸಿ ಹಣ್ಣನ್ನು ಒಣಹಾಕುವ ಮೊದಲು ಅದ್ದುವ ಡಿಪ್ಪಿಂಗ್ ಆಯಿಲ್, ಪೊಟ್ಯಾಸಿಯಂ ಕಾರ್ಬೊನೇಟ್ ನೀರು ದ್ರಾಕ್ಷಿಯ ಮೇಲಿನ ಮೇಣದಂಥ ಪದರವನ್ನು ಸಡಿಲಿಸುತ್ತದೆ. ಬೇಗ ಒಣಗಲಿ ಎಂದೇ ಅದನ್ನು ಬಳಸುವುದು. ಅದೇ ನೀರಿನಲ್ಲಿ ಕೈಗವಸಿಲ್ಲದೆ ಕೈ ಅದ್ದಿದರೆ ತೊಗಲು ಉಳಿಯುತ್ತದೆಯೇ? ಮೇಲೆ ಸುಣ್ಣ, ಮೈಲುತುತ್ತ ಸಿಂಪರಣೆಯ ಬಳ್ಳಿಗಳು ಬೇರೆ. ನಿಮ್ಮ ತೋಟದಲ್ಲಿ ಸವೆದ ಬೆರಳು ಪಿಂಚಣಿಯ ಯಂತ್ರಕ್ಕೆ ಗುರುತೇ ಸಿಗುವುದಿಲ್ಲ. ಆ ದಿನ ಅವಳು ಬರಿಗೈಯಲ್ಲಿ ಹೋದಳು.

ವಯಸ್ಸಿನ ಗೊಂದಲ ಇನ್ನೊಂದು. ನಮ್ಮ ಶಾಲೆಗಳ ದಾಖಲಾತಿ ಪುಸ್ತಕ ತೆರೆದರೆ ಪುಟಗಟ್ಟಲೆ ಮಕ್ಕಳು ಜೂನ್ ಒಂದರಂದೇ ಹುಟ್ಟಿರುತ್ತಾರೆ. ಶಾಲೆ ಆರಂಭದ ದಿನವೇ ಅವರ ಜನ್ಮದಿನ. ಶಾಲೆ ಕಾಣದ ಹೆಣ್ಣುಮಕ್ಕಳಿಗೆ ಆಧಾರ್ ಮಾಡಿದ ಹುಡುಗರು ಮುಖ ನೋಡಿ ಒಂದು ಇಸವಿ ಹಾಕಿ ಜನವರಿ ಒಂದು ಎಂದು ಬರೆದರು. ಎಪ್ಪತ್ತರ ಮುದುಕಿ ಆಧಾರ್ ಕಾರ್ಡಿನಲ್ಲಿ ಐವತ್ತೆಂಟರವಳು. ತಿದ್ದಿಸಬೇಕೆಂದರೆ ದಾಖಲೆ ಬೇಕು, ದಾಖಲೆ ಇದ್ದರೆ ತಪ್ಪೇ ಆಗುತ್ತಿರಲಿಲ್ಲ. 2021ರಲ್ಲಿ ಮನೆ ಬಾಗಿಲಿಗೆ ಮಾಸಾಶನ ಎಂದು ಸರ್ಕಾರ ಒಳ್ಳೆಯ ಕೆಲಸ ಶುರು ಮಾಡಿತು. ಅರ್ಜಿ ಹಾಕದಿದ್ದರೂ ದತ್ತಾಂಶ ನೋಡಿ ವಯಸ್ಸಾದವರನ್ನು ಹುಡುಕಿ ಪಿಂಚಣಿ ಕೊಡುವುದು. ಆದರೆ ದತ್ತಾಂಶವೇ ಐವತ್ತೆಂಟು ಎಂದರೆ ಹುಡುಕುವವರು ಏನು ಮಾಡಿಯಾರು!

ಇದು ಇಂದಿನ ಸ್ಥಿತಿ. ನಾಳೆ ಇನ್ನೂ ಬಿಗಿ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಹೊರತಂದ ವರದಿಯ ಪ್ರಕಾರ ನಮ್ಮ ದೇಶದಲ್ಲಿ ಈಗ ನೂರಕ್ಕೆ ಹತ್ತರಷ್ಟಿರುವ ಅರವತ್ತು ದಾಟಿದವರು 2050ಕ್ಕೆ ಇಪ್ಪತ್ತನ್ನು ಮೀರುತ್ತಾರೆ. ಇಂದು ನಿಮ್ಮ ತೋಟದಲ್ಲಿ ನಲವತ್ತರ ಪ್ರಾಯದಲ್ಲಿ ಗೊನೆ ತಿದ್ದುತ್ತಿರುವ ಹೆಣ್ಣುಮಗಳು ಆ ಲೆಕ್ಕದೊಳಗಿದ್ದಾಳೆ. ಅವಳ ಮಗ ಮಂಗಳೂರಿಗೋ ಪುಣೆಗೋ ಗೋವಾಕ್ಕೋ ದುಡಿಯಲು ಹೋಗಿರುತ್ತಾನೆ. ಮಕ್ಕಳು ನೋಡಿಕೊಳ್ಳುತ್ತಾರೆ ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ, ಎಷ್ಟೋ ಮಕ್ಕಳು ನೋಡಿಕೊಳ್ಳುತ್ತಾರೆ. ಆದರೆ ಮಂಗಳೂರಿನ ಶೆಡ್ಡಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಇರುವವನು ಎರಡು ಮನೆ ನಡೆಸಬೇಕಾಗುತ್ತದೆ.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ. ಒಣದ್ರಾಕ್ಷಿಯ ಪ್ರತಿ ಕಿಲೋಕ್ಕೆ ಒಂದು ರೂಪಾಯಿ ತೆಗೆದಿಡಿ, ದುಡಿಯುವವರ ಮುಪ್ಪಿಗೆಂದು. ಸೆಸ್ ಅಲ್ಲ, ಕಾಯ್ದೆ ಅಲ್ಲ, ನಿಮ್ಮ ಮನಸ್ಸಿನಿಂದ.

ಲೆಕ್ಕ ಹಾಕೋಣ, ಅದು ನನ್ನ ಹಳೆಯ ಚಟ. ನಾಲ್ಕು ಕಿಲೋ ಹಸಿ ಹಣ್ಣು ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ ಎಂಬುದು ನಿಮಗೇ ಗೊತ್ತು. ಎಕರೆಗೆ ಎಂಟು ಟನ್ ಹಸಿ ಹಣ್ಣು ಹಿಡಿದರೂ ಎರಡು ಟನ್ ಒಣದ್ರಾಕ್ಷಿ. ಕಿಲೋಕ್ಕೆ ರೂಪಾಯಿಯಂತೆ ಎಕರೆಗೆ 2,000. ಈಗ ಅತ್ತ ಕಡೆ ನೋಡಿ. 2019ರಲ್ಲಿ ಬಂದ ಪ್ರಧಾನಮಂತ್ರಿ ಶ್ರಮಯೋಗಿ ಮಾನಧನ್ ಎಂಬ ಯೋಜನೆ ಇದೆ. ತಿಂಗಳಿಗೆ 15,000 ರೂಪಾಯಿಯೊಳಗೆ ದುಡಿಯುವ, 18ರಿಂದ 40ರ ಒಳಗಿನವರಿಗೆ. 29ನೇ ವಯಸ್ಸಿಗೆ ಸೇರಿದವರು ತಿಂಗಳಿಗೆ 100 ರೂಪಾಯಿ ಹಾಕಿದರೆ ಕೇಂದ್ರ ಸರ್ಕಾರವೂ 100 ಹಾಕುತ್ತದೆ, ಅರವತ್ತಾದ ಮೇಲೆ ತಿಂಗಳಿಗೆ 3,000. ವರ್ಷಕ್ಕೆ ಅವಳ ಪಾಲು 1,200. ನಿಮ್ಮ ಒಂದು ಎಕರೆಯ ರೂಪಾಯಿಯಲ್ಲಿ ಒಬ್ಬಳದು ಪೂರ್ತಿ ಕಟ್ಟಿ 800 ಉಳಿಯಿತು.

ಇನ್ನೊಂದು 2015ರ ಮೇ 9ರಂದು ಆರಂಭವಾದ ಅಟಲ್ ಪಿಂಚಣಿ. ಇದೂ 18ರಿಂದ 40ರವರಿಗೆ. ತಿಂಗಳಿಗೆ 1,000ದಿಂದ 5,000ದವರೆಗೆ ಎಷ್ಟು ಪಿಂಚಣಿ ಬೇಕೋ ಆರಿಸಿಕೊಳ್ಳಬಹುದು. ಐದು ಸಾವಿರ ಬೇಕೆಂದರೆ 25ರ ಹುಡುಗಿ ತಿಂಗಳಿಗೆ 376 ಕಟ್ಟಬೇಕು, 30ರವಳು 577, ನಲವತ್ತಕ್ಕೆ ಎಚ್ಚೆತ್ತವಳು 1,454. ತಡ ಮಾಡಿದಷ್ಟೂ ಹೊರೆ ಹೇಗೆ ಏರುತ್ತದೆ ನೋಡಿ, ಚಕ್ರಬಡ್ಡಿ ಕಲಿಸುವಾಗ ನಾನು ಹೇಳುತ್ತಿದ್ದದ್ದು ಇದನ್ನೇ. ಅವಳು ತೀರಿದರೆ ಗಂಡನಿಗೆ ಅಷ್ಟೇ ಪಿಂಚಣಿ, ಇಬ್ಬರೂ ಹೋದ ಮೇಲೆ ನಾಮಿನಿಗೆ ಎಂಟೂವರೆ ಲಕ್ಷ. ತೋಟದ ಕೂಲಿಯವರಿಗೆ ಇದರಲ್ಲಿ ದೊಡ್ಡ ಅನುಕೂಲವೆಂದರೆ ಕಂತನ್ನು ಆರು ತಿಂಗಳಿಗೊಮ್ಮೆಯೂ ಕಟ್ಟಬಹುದು. ಕೆಲಸ ಇರುವಾಗ ಇರುತ್ತದೆ, ಇಲ್ಲದಾಗ ಇರುವುದಿಲ್ಲ. ಏಪ್ರಿಲ್ ಚಾಟನಿಗೊಂದು, ಅಕ್ಟೋಬರ್ ಚಾಟನಿಗೊಂದು ಕಂತು. ಅರ್ಧ ನಿಮ್ಮದು, ಅರ್ಧ ಅವಳದು.

ಇಲ್ಲಿ ನಿಮಗೆ ಸುಳ್ಳು ಹೇಳಲಾರೆ. ಇಂದಿನ ಐದು ಸಾವಿರ ಮೂವತ್ತೈದು ವರ್ಷದ ಮೇಲೆ ಐದು ಸಾವಿರವಾಗಿ ಉಳಿಯುವುದಿಲ್ಲ. ಬೆಲೆಗಳು ವರ್ಷಕ್ಕೆ ನೂರಕ್ಕೆ ಐದರಂತೆ ಏರಿದರೂ ಅಂದಿನ 5,000ಕ್ಕೆ ಸಿಗುವುದು ಇಂದಿನ 900 ರೂಪಾಯಿಯ ಸಾಮಾನು. ಈ ಯೋಜನೆಗಳ ದೊಡ್ಡ ಕೊರತೆ ಇದು, ಸರ್ಕಾರ ಬೆಲೆಯೇರಿಕೆಗೆ ಹೊಂದಿಸದಿದ್ದರೆ ಇವು ಅರೆಹೊಟ್ಟೆಯ ಪಿಂಚಣಿಗಳೇ. ಆದರೂ ಇರಲಿ ಎನ್ನುತ್ತೇನೆ. ಇದರ ಮೇಲೆ ರಾಜ್ಯದ ಪಗಾರವೂ ಬಂದರೆ ಔಷಧಿಗಾದರೂ ಮಗನ ಮುಖ ನೋಡುವುದು ತಪ್ಪುತ್ತದೆ. ಮತ್ತೆ, ಇ-ಶ್ರಮ್ ಕಾರ್ಡು ಮಾಡಿಸಿದ್ದೇವೆ, ಅದರಲ್ಲೇ ಪಗಾರ ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದು ಹೆಸರು ಹಚ್ಚಿದ ಕಾರ್ಡು ಮಾತ್ರ, ಪಿಂಚಣಿಯ ಕಾರ್ಡಲ್ಲ. ಇದನ್ನು ನಿಮ್ಮ ಆಳುಗಳಿಗೆ ಬಿಡಿಸಿ ಹೇಳಿ.

ನನ್ನ ಒಬ್ಬ ಹಳೆಯ ವಿದ್ಯಾರ್ಥಿ, ಈಗ ಬಬಲೇಶ್ವರ ಕಡೆ ಒಳ್ಳೆಯ ಬೆಳೆಗಾರ, ಈ ಮಾತು ಕೇಳಿ ನಕ್ಕ. “ಸರ್ರ, ನಾವು ರೊಕ್ಕಾ ಕಟ್ಟೋದು, ಅವರು ಬರೂ ವರ್ಷ ಮಗ್ಗಲ ತ್ವಾಟಕ್ಕ ಹೋಗೋದು” ಎಂದ. ಹೋಗಲಿ ಬಿಡಪ್ಪ ಎಂದೆ. ಖಾತೆ ಅವಳ ಹೆಸರಿನಲ್ಲಿದೆ, ಅವಳ ಜೊತೆ ಹೋಗುತ್ತದೆ. ಮಗ್ಗುಲಿನ ತೋಟದಿಂದ ನಿನ್ನಲ್ಲಿಗೆ ಬರುವವಳೂ ಖಾತೆ ಹಿಡಿದೇ ಬರುತ್ತಾಳೆ. ಚಾಟನಿ ಹೊತ್ತಿನಲ್ಲಿ ಆಳು ಸಿಗುವುದಿಲ್ಲ ಎಂದು ದಿನಕ್ಕೆ ನೂರು ರೂಪಾಯಿ ಹೆಚ್ಚಿಗೆ ಕೊಟ್ಟು ಟೋಳಿಗಳನ್ನು ಕಸಿದುಕೊಳ್ಳುವ ನೀವು, ಯಾರ ತೋಟದಲ್ಲಿ ಪಿಂಚಣಿ ಕಟ್ಟುತ್ತಾರೋ ಆ ತೋಟಕ್ಕೆ ಟೋಳಿ ತಾನಾಗಿ ಬರುತ್ತದೆ ಎಂಬುದನ್ನು ಯೋಚಿಸಿಲ್ಲವೇ?

ಅವನು ಇನ್ನೊಂದು ಮಾತು ಹೇಳಿದ. ಅದಕ್ಕೆ ನಾನು ನಗಲಿಲ್ಲ. “ನಮ್ಗರ ಯಾರದಾರ್ರಿ ಸರ್ರ? ಒಂದ್ ಆಲಿಕಲ್ಲ ಮಳಿ ಬಂದ್ರ ನಾವು ಬೀದಿಗೆ.” ನಿಜ. ಕೃಷ್ಣೆಯ ನೀರು ಈ ಕಡೆ ಬರುವ ಮೊದಲು ಬರಗಾಲದಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡವರು ನೀವು. ದರ ಬಿದ್ದ ವರ್ಷ ಬ್ಯಾಂಕಿನ ನೋಟಿಸು ಬರುವುದು ನಿಮಗೆ, ನನಗಲ್ಲ. ಹಾಗಾಗಿ ಕೆಟ್ಟ ವರ್ಷದಲ್ಲಿ ಕೊಡಿ ಎಂದು ನಾನು ಕೇಳುವುದಿಲ್ಲ. ದರ ಸಿಕ್ಕ ವರ್ಷ ಎರಡು ರೂಪಾಯಿ ಇಡಿ, ಸಿಗದ ವರ್ಷ ಬಿಡಿ. ಮತ್ತು ನಿಮ್ಮ ಮುಪ್ಪಿನ ಮಾತನ್ನೂ ಇಲ್ಲೇ ಆಡಿಬಿಡುತ್ತೇನೆ. ಎರಡು ಹೆಕ್ಟೇರಿನೊಳಗಿನ ಜಮೀನಿದ್ದು ನಲವತ್ತು ದಾಟದಿದ್ದರೆ ನಿಮಗೂ 2019ರ ಕಿಸಾನ್ ಮಾನಧನ್ ಇದೆ, ಅದೇ 3,000. ಹೆಚ್ಚು ಜಮೀನಿದ್ದವರು ಹೊಲವೇ ನಮ್ಮ ಪಿಂಚಣಿ ಎನ್ನುತ್ತೀರಿ. ಆದರೆ ಬದುಕಿರುವಾಗಲೇ ಮಕ್ಕಳ ಹೆಸರಿಗೆ ಉತಾರ ಮಾಡಿಕೊಟ್ಟು ಆಮೇಲೆ ಜಗಲಿಯ ಮೇಲೆ ಕೂತವರನ್ನು ನಾನೂ ಕಂಡಿದ್ದೇನೆ, ನೀವೂ ಕಂಡಿದ್ದೀರಿ. ದಾನಪತ್ರ ಮಾಡುವುದಾದರೆ, ಕೊನೆಯವರೆಗೆ ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನ ಪ್ರಕಾರ, ಷರತ್ತು ಮುರಿದ ಮಗನಿಂದ ಜಮೀನು ಹಿಂದಕ್ಕೆ ಬರುವಂತೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯಲ್ಲಿ ಕೇಳಬಹುದು.

ನಲವತ್ತು ದಾಟಿದ ಕೂಲಿಯವರದೇ ಕಷ್ಟ. ಅವರಿಗೆ ಅಟಲ್ ಪಿಂಚಣಿಯೂ ಇಲ್ಲ, ಮಾನಧನ್ನೂ ಇಲ್ಲ. ನಿಮ್ಮ ತೋಟದಲ್ಲಿ ಕೈ ಚುರುಕಿರುವವರು, ಹೊಸಬರಿಗೆ ಕೆಲಸ ಕಲಿಸುವವರು ಹೆಚ್ಚಾಗಿ ಇವರೇ. ಇವರ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಐದು ವರ್ಷದ ಆರ್‌ಡಿ ತೆರೆಯಿರಿ, ತಿಂಗಳಿಗೆ ನೂರು ರೂಪಾಯಿಯಿಂದಲೂ ಆಗುತ್ತದೆ. ಸಹಕಾರಿ ಸೊಸೈಟಿಯಲ್ಲಿ ಬಡ್ಡಿ ಹೆಚ್ಚು ಎಂದು ಅಲ್ಲಿಗೆ ಹೋಗಬೇಡಿ. ಬಾಗಿಲು ಹಾಕಿಕೊಂಡ ಸೊಸೈಟಿಗಳ ಮುಂದೆ ನಿಂತವರನ್ನು ವಿಜಯಪುರ ನೋಡಿದೆ. ತಿಂಗಳ ನೂರು ರೂಪಾಯಿ ಎಷ್ಟಾದೀತು ಎನ್ನಬೇಡಿ, ಮನೆ ಬಾಗಿಲಿಗೇ ಹೋಗಿ ಚಿಲ್ಲರೆ ಕಾಸು ಕೂಡಿಸುವ ವಿದ್ಯೆ ನಮ್ಮ ನಾಡಿನದೇ. 1928ರಲ್ಲಿ ಉಡುಪಿಯ ಡಾ. ಟಿ.ಎಂ.ಎ. ಪೈ ಅವರ ಬ್ಯಾಂಕು ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಶುರು ಮಾಡಿದಾಗ, ಎರಡಾಣೆಯಲ್ಲಿ ಏನಾದೀತು ಎಂದವರೂ ಇದ್ದಿರಬೇಕು. ಅದೇ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು.

ಹೆಚ್ಚು ದುಡ್ಡಿಲ್ಲದೆ ಆಗುವ ಕೆಲಸಗಳೂ ಇವೆ. ಕೈಗವಸು ಕೊಡಿಸಿ, ಹಾಕಿಕೊಳ್ಳದೆ ಡಿಪ್ಪಿಂಗ್ ಟಬ್ಬಿಗೆ ಕೈ ಹಾಕಲು ಬಿಡಬೇಡಿ. ನಿಮ್ಮ ತೋಟಕ್ಕೆ ಬರುವ ಪ್ರತಿಯೊಬ್ಬರ ಹೆಸರು, ವಯಸ್ಸು, ಕೆಲಸಕ್ಕೆ ಬಂದ ವರ್ಷ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬೆಳೆಯ ಔಷಧಿಗೆ ದಿನಾಂಕವಾರು ಡೈರಿ ಇಡುವ ನಿಮಗೆ ಇದು ಕಷ್ಟವಲ್ಲ. ಅರವತ್ತೈದು ಮುಟ್ಟಿದವರನ್ನು ನಾಡಕಚೇರಿಗೆ ಕಳಿಸುವಾಗ ಬೊಲೆರೊ ಕೊಟ್ಟು, ಜೊತೆಗೆ ಓದಿದ ಒಬ್ಬ ಹುಡುಗನನ್ನು ಕಳಿಸಿ. ನೀವು ಹೋಗಿ ನಿಂತರೆ ಗ್ರಾಮ ಆಡಳಿತಾಧಿಕಾರಿ ಕುರ್ಚಿ ಕೊಡುತ್ತಾರೆ, ಅವಳು ನಿಂತರೆ ನಾಳೆ ಬಾ ಎನ್ನುತ್ತಾರೆ. ಖಾತೆಗೆ ಆಧಾರ್ ಜೋಡಣೆ ಆಗಿಲ್ಲವೆಂದು ಪಗಾರ ನಿಂತವರದ್ದನ್ನು ಬ್ಯಾಂಕಿನಲ್ಲಿ ಸರಿ ಮಾಡಿಸಿ. ಬೆರಳು ಒಪ್ಪದಿದ್ದರೆ ಕಣ್ಣಿನಿಂದ ಗುರುತು ಹಿಡಿಯುವ ಯಂತ್ರ ಎಲ್ಲಿದೆ ಎಂದು ಕೇಳಿ, ಇಲ್ಲವೇ ಬ್ಯಾಂಕಿನ ಕೌಂಟರಿನಲ್ಲೇ ದುಡ್ಡು ಕೊಡಿಸಿ.

ವಿಜಯಪುರ ನಗರದಲ್ಲಿ ಆಸ್ಪತ್ರೆ, ಅಂಗಡಿ, ಶಾಲೆ ನಡೆಸುವವರಿಗೂ ಈ ಪತ್ರ ಕಣ್ಣಿಗೆ ಬಿದ್ದರೆ ಒಂದೇ ಮಾತು. ಇಪ್ಪತ್ತು ಜನ ಆದರೆ ಭವಿಷ್ಯನಿಧಿ ಕಟ್ಟಬೇಕಾಗುತ್ತದೆ ಎಂದು ಹಾಜರಿ ಪುಸ್ತಕದಲ್ಲಿ ವರ್ಷಗಟ್ಟಲೆ ಹತ್ತೊಂಬತ್ತೇ ಹೆಸರು ಇರುವುದು ಹೇಗೆಂದು ಗಣಿತದ ಮಾಸ್ತರನಿಗೆ ಗೊತ್ತಾಗುತ್ತದೆ.

ಕೊನೆಯದಾಗಿ, ನಿಮ್ಮ ಬಾಯಿಗೆ ಬೆಲೆ ಇದೆ. ಬೆಂಬಲ ಬೆಲೆ ಬೇಕು, ಬೆಳೆವಿಮೆ ಬೇಕು, ಶೀತಲಗೃಹ ಬೇಕು ಎಂದು ನೀವು ಹೋದಾಗ ಶಾಸಕರು, ಸಂಸದರು ಕೂತು ಕೇಳುತ್ತಾರೆ. ಮುಂದಿನ ಮನವಿಪತ್ರದಲ್ಲಿ ಮೂರು ಸಾಲು ಸೇರಿಸಿ. ಕೇಂದ್ರದ 200 ರೂಪಾಯಿ ಏರಬೇಕು ಮತ್ತು ನೌಕರರ ತುಟ್ಟಿಭತ್ಯೆಯಂತೆ ಅದೂ ಬೆಲೆಗಳ ಜೊತೆಗೆ ಏರುತ್ತ ಹೋಗಬೇಕು. 32,000ದ ಆದಾಯ ಮಿತಿಯನ್ನು ತೆಗೆಯಬೇಕು ಇಲ್ಲವೇ ದಿನಗೂಲಿಗೆ ಹೊಂದಿಸಬೇಕು. ಕಟ್ಟಡ ಕಾರ್ಮಿಕರಿಗೆ ಇರುವಂತೆ ತೋಟಗಾರಿಕೆ ಕೂಲಿಯವರಿಗೂ ಒಂದು ಕಲ್ಯಾಣ ಮಂಡಳಿ ಬೇಕು, ಅದಕ್ಕೆ ನಮ್ಮ ಪಾಲು ಕೊಡಲು ನಾವು ಸಿದ್ಧ ಎಂದು ನೀವೇ ಮುಂದಾಗಿ ಹೇಳಬೇಕು. ದುಡಿಸಿಕೊಳ್ಳುವವರೇ ಬಂದು ನಮ್ಮ ಮೇಲೆ ಶುಲ್ಕ ಹಾಕಿ ಎಂದು ಕೇಳಿದರೆ ಯಾವ ಸರ್ಕಾರಕ್ಕೂ ಇಲ್ಲವೆನ್ನಲು ನಾಲಿಗೆ ಬಾರದು.

ಈ ಸಲ ಹಣ್ಣು ಇಳಿದು ಲೆಕ್ಕ ಚುಕ್ತಾ ಮಾಡುವಾಗ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಔಷಧಿ, ಗೊಬ್ಬರ, ಡೀಸೆಲ್, ಕೂಲಿ ಎಂಬ ಸಾಲುಗಳ ಕೆಳಗೆ ಇನ್ನೊಂದು ಸಾಲು ಹಾಕಿರಿ. ಮೊದಲ ವರ್ಷ ಒಬ್ಬಳ ಹೆಸರಿನಲ್ಲಿ ತೆರೆದರೂ ಸಾಕು. ಬ್ಯಾಂಕಿನ, ಅಂಚೆ ಕಚೇರಿಯ, ಸಾಮಾನ್ಯ ಸೇವಾ ಕೇಂದ್ರದ ಅರ್ಜಿಗಳನ್ನು ತುಂಬಿಕೊಡಲು ಆಳು ಬೇಕೆಂದರೆ ನನಗೆ ಹೇಳಿ ಕಳುಹಿಸಿ. ನನಗೆ ಸರ್ಕಾರ ಪಿಂಚಣಿ ಕೊಡುತ್ತದೆ, ಆ ಕೆಲಸಕ್ಕೆ ಕೂಲಿ ಬೇಕಿಲ್ಲ.



ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕ
ವಿಜಯಪುರ